ಇದ್ದವಳಿಗೆ ಇಟ್ಟ ಎಡೆ

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಎಲ್ಲರೂ ಹೊರಗೆ ಹೋಗಬೇಕಿತ್ತು. ಓಣಿಯ ಬೇರೆ ಮನೆಗಳಲ್ಲಿ ಮಕ್ಕಳನ್ನು ಉಣ್ಣಲು ಒಳಗೆ ಕರೆಯುವ ಹೊತ್ತಿಗೆ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಅಜ್ಜಿ ನಡುಮನೆಯಲ್ಲಿ ಒಂದೇ ಒಂದು ಎಲೆ ಹಾಕಿ, ಬಡಿಸಿ, ಪಕ್ಕದಲ್ಲಿ ನೀರಿನ ಚೊಂಬಿಟ್ಟು, ಬಾಗಿಲು ಎಳೆದುಕೊಂಡು ಬಂದು ಜಗುಲಿಯ ಮೇಲೆ ನಮ್ಮ ಜೊತೆ ಕೂರುತ್ತಿದ್ದಳು. ಯಾರೂ ಮಾತಾಡುತ್ತಿರಲಿಲ್ಲ. ಒಳಗಿನಿಂದ ಬಳೆಯ ಸದ್ದು ಬರುತ್ತಿತ್ತು, ಚೊಂಬು ನೆಲಕ್ಕೆ ತಾಗಿದ ಸದ್ದು ಬರುತ್ತಿತ್ತು, ಆಮೇಲೆ ಅದೂ ನಿಲ್ಲುತ್ತಿತ್ತು. ಆಗ ದೊಡ್ಡಪ್ಪ ಎದ್ದು, ಬಾಗಿಲ ಮುಂದೆ ನಿಂತು ಕೆಮ್ಮಿ, ಕದ ತಳ್ಳುತ್ತಿದ್ದ. ಎಲೆ ಬರಿದಾಗಿರುತ್ತಿತ್ತು, ನಡುಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅದಾದ ಮೇಲೆ ನಮ್ಮ ಊಟ. ಇದು ಎಲ್ಲರ ಮನೆಯ ಪದ್ಧತಿ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಶಾಲೆಗೆ ಸೇರಿದ ಮೇಲೆ ಒಂದು ಸಲ ಗೆಳತಿಯ ಮನೆಯವರು ಬಾಗಿಲು ತೆರೆದಿಟ್ಟುಕೊಂಡು, ನಗುತ್ತಾ ಮಾತಾಡುತ್ತಾ ಮುದ್ದೆ ಮುರಿಯುವುದನ್ನು ಕಂಡೆ. ಒಳಗಿನವರದು ಊಟ ಆಯಿತಾ ಎಂದು ಕೇಳಿದೆ. ಗೆಳತಿಯ ತಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ನಮ್ಮ ಮನೆಯ ವಿಷಯ ಊರಿಗೆಲ್ಲ ಗೊತ್ತಿದೆ ಎಂಬುದು ನನಗೆ ಆವತ್ತು ಗೊತ್ತಾಯಿತು.

ಸೂಳೆಕೆರೆಯ ಕಾಲುವೆಯೊಂದು ನಮ್ಮ ಹಿತ್ತಲ ಗೋಡೆಗೆ ಒತ್ತಿಕೊಂಡೇ ಹರಿಯುತ್ತಿತ್ತು. ಗದ್ದೆಗಳಿಗೆ ನೀರು ಬಿಟ್ಟ ತಿಂಗಳುಗಳಲ್ಲಿ ಮನೆಯ ನೆಲ ಬೆವರುತ್ತಿತ್ತು. ಚಾಪೆ ಮಡಚಿದರೆ ಅಡಿಯಲ್ಲಿ ಮಲಗಿದ್ದವರ ಆಕಾರದ ಒಣ ಜಾಗ ಉಳಿದು, ನೋಡನೋಡುತ್ತಿದ್ದಂತೆ ಅದೂ ಮಾಯವಾಗುತ್ತಿತ್ತು. ಗೋಡೆಗೆ ಕಿವಿಯಿಟ್ಟರೆ ನೀರು ಹೋಗುವುದು ಯಾರೋ ಗುಸುಗುಸು ಮಾತಾಡಿದಂತೆ ಕೇಳುತ್ತಿತ್ತು. ಜಗಳೂರು ಸೀಮೆಯ ಸೊಕ್ಕೆಯಲ್ಲಿ ಹುಟ್ಟಿ ಬೆಳೆದ ನಮ್ಮವ್ವನಿಗೆ ಇದೆಲ್ಲ ಸೇರುತ್ತಿರಲಿಲ್ಲ. ಒಣಭೂಮಿಯ ಹೆಣ್ಣು, ನೀರು ಕಂಡರೆ ಹೆದರುತ್ತಾಳೆ ಎಂದು ನಮ್ಮ ಕಡೆಯವರು ಆಡಿಕೊಳ್ಳುತ್ತಿದ್ದರು. ಅವಳು ಬಿಡುತ್ತಿರಲಿಲ್ಲ, ನಮ್ಮೂರಲ್ಲಿ ಗೋಡೆಗಳು ಮಾತಾಡುವುದಿಲ್ಲ, ಮನುಷ್ಯರು ಮಾತಾಡುತ್ತಾರೆ ಎನ್ನುತ್ತಿದ್ದಳು. ನಡುಮನೆಯ ಎಡಕ್ಕೆ ವಾಡೆ ಕೋಣೆ. ವಾಡೆ ಎಂದರೆ ಕಾಳು ತುಂಬಿಡುವ ಆಳೆತ್ತರದ ಮಣ್ಣಿನ ಗುಡಾಣ. ಅಂಥವು ಗೋಡೆಯುದ್ದಕ್ಕೂ ಸಾಲಾಗಿ, ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಿದ್ದವು. ಆ ಕೋಣೆಗೆ ಕಿಟಕಿ ಇರಲಿಲ್ಲ. ನಮ್ಮ ಹಾಲತ್ತೆ ಇರುತ್ತಿದ್ದುದು ಅಲ್ಲಿ.

ಹಾಲತ್ತೆ, ಅಂದರೆ ಹಾಲಮ್ಮ, ದೊಡ್ಡಪ್ಪನಿಗೂ ನಮ್ಮಪ್ಪನಿಗೂ ತಂಗಿ. ಚಿಕ್ಕಂದಿನಲ್ಲಿ ಬಂದ ಜ್ವರದ ಮೇಲೆ ಮೈ ಬೆಳೆದರೂ ಬುದ್ಧಿ ಬೆಳೆಯಲಿಲ್ಲ. ಆದರೆ ಅವಳು ಮೊದಲಿನಿಂದ ವಾಡೆ ಕೋಣೆಯವಳಲ್ಲ. ಬಿಸಿಲಲ್ಲಿ ಕೂತು ಹಪ್ಪಳ ಕಾಯುತ್ತಿದ್ದಳಂತೆ, ಎಮ್ಮೆಗಳಿಗೆ ಹೆಸರಿಟ್ಟು ಬೈಯುತ್ತಿದ್ದಳಂತೆ, ನನ್ನನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲವಂತೆ. ಓಣಿಯ ಹೆಂಗಸರು ಕೂಸುಗಳನ್ನು ಅವಳ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಗದ್ದೆಗೆ ಹೋಗುತ್ತಿದ್ದರು. ಇದನ್ನೆಲ್ಲ ನನಗೆ ಹೇಳಿದ್ದು ಅವ್ವ. ನಾನು ಕಂಡ ಹಾಲತ್ತೆ ಬೇರೆಯವಳೇ.

ಅಜ್ಜ ತೀರಿಕೊಂಡದ್ದು ನನಗೆ ನೆನಪಿಲ್ಲ. ಅದರ ಹಿಂದೆಯೇ ಮನೆಗೆ ಬಂದ ಗಂಡು ಮಾತ್ರ ನೆನಪಿದ್ದಾನೆ. ಹೊನ್ನಾಳಿ ಕಡೆಯವನು, ಕೂದಲಿಗೆ ಬಣ್ಣ ಹಾಕಿದ್ದ, ಮಂಡಕ್ಕಿ ಮುಕ್ಕುತ್ತಾ ಮನೆಯ ತೊಲೆಗಳನ್ನು ನೋಡುತ್ತಿದ್ದ. ಹಾಲತ್ತೆಯನ್ನು ಮದುವೆಯಾಗುತ್ತೇನೆ ಎಂದು ಬಂದವನು ಹೆಣ್ಣನ್ನು ಕರೆಸಿ ಎನ್ನಲೇ ಇಲ್ಲ, ಗದ್ದೆ ಎಲ್ಲಿಂದ ಎಲ್ಲಿವರೆಗೆ ಎಂದು ಕೇಳಿದ. ದೊಡ್ಡಪ್ಪ ಅವನನ್ನು ಬೈದು ಓಡಿಸಿದ, ಆದರೆ ಒಳಗೇ ಹೆದರಿದ. ಅಜ್ಜ ಮೃತ್ಯುಪತ್ರ ಬರೆದಿಟ್ಟಿರಲಿಲ್ಲ. ಖಾತೆ ಬದಲಾಗುವಾಗ ಅಜ್ಜಿ, ಇಬ್ಬರು ಗಂಡುಮಕ್ಕಳು, ಹಾಲತ್ತೆ ಎಲ್ಲರ ಹೆಸರೂ ಪಹಣಿಗೆ ಬರಬೇಕಿತ್ತು. ದೊಡ್ಡಪ್ಪನನ್ನು ಆಸೆಬುರುಕ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ನನಗೂ ಎಷ್ಟೋ ವರ್ಷ ಹಾಗೇ ಮುಗಿಸಿಬಿಡುವ ಸಿಟ್ಟಿತ್ತು. ಆದರೆ ಅವನು ಅಜ್ಜಿಗೆ ಹೇಳಿದ ಮಾತನ್ನು ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

"ಹೆಸ್ರು ಪಹಣೀಲಿ ಕುಂತ್ರೆ ಹದ್ದುಗಳು ಸುತ್ತಾಕೆ ಶುರು ಮಾಡ್ತಾವೆ ಕಣವ್ವ. ಇವತ್ತೊಬ್ಬ ಬಂದ. ನಾಳೆ ಇನ್ನೊಬ್ಬ ಬಂದು ಮಿಠಾಯಿ ಕೊಟ್ಟು ಹೆಬ್ಬೆಟ್ಟು ಒತ್ತಿಸ್ಕಂಡು ಹೋಗ್ತಾನೆ. ಹೆಸ್ರೇ ಇಲ್ದಿದ್ರೆ ಯಾರು ಏನು ಮಾಡಾಕೆ ಆಗ್ತೈತೆ?"

ಹೀಗೆ ಖಾತೆಗೆಂದು ಬರೆಸಿಕೊಟ್ಟ ವಂಶವೃಕ್ಷದಲ್ಲಿ ಹಾಲಮ್ಮ ಮದುವೆಯಾಗದೆ ತೀರಿಕೊಂಡಳು. ಕಂದಾಯದವರು ವಿಚಾರಿಸಲು ಬಂದಾಗ ಅವಳನ್ನು ಹಿತ್ತಲಿಗೆ ಕಳಿಸಿದ್ದರು. ಓಣಿಯ ಹಿರಿಯರು ಸಾಲಾಗಿ ನಿಂತು, ಹೌದು ಸ್ವಾಮಿ, ಹೋಗಿಬಿಟ್ಟಿತು ಪಾಪ, ಎಂದರು. ಅವರಾರೂ ಕೆಟ್ಟವರಲ್ಲ. ಬುದ್ಧಿಯಿಲ್ಲದ ಹೆಣ್ಣನ್ನು ಕಾಯುವ ಕೆಲಸ ಎಂದು ನಂಬಿ ಸಹಿ ಹಾಕಿದ್ದರು. ನಮ್ಮಪ್ಪನಂತೂ ಅಣ್ಣನ ಮಾತಿಗೆ ಹೂಂ ಎನ್ನುವುದನ್ನು ಬಿಟ್ಟು ಬೇರೆ ಭಾಷೆಯನ್ನೇ ಕಲಿತಿರಲಿಲ್ಲ. ಎಲ್ಲ ಮುಗಿದ ಮೇಲೆ ಎದುರುಮನೆಯ ಮುದುಕನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಅವನು ಬಂದು ಜಗುಲಿಯ ಮೇಲೆ ಕೂತು ದೊಡ್ಡಪ್ಪನಿಗೆ ಹೇಳಿದ:

"ಸೈ ಏನೋ ಹಾಕಿಬಿಟ್ವಿ. ಬದುಕಿರೋ ಜೀವಾನ ಸತ್ತೈತೆ ಅಂದ ಪಾಪ ನಮ್ಮ ತಲೆ ಮ್ಯಾಲೆ ಐತೆ. ಹಿರೇರ ಹಬ್ಬಕ್ಕೆ ಆಕೆ ಹೆಸ್ರಲ್ಲೂ ಒಂದು ಎಡೆ ಇಟ್ಬಿಡ್ರಿ. ಎಡೆ ಇಟ್ಟ ಮ್ಯಾಲೆ ನಾವಂದಿದ್ದು ಸುಳ್ಳಾಗಲ್ಲ."

ಸುಳ್ಳು ಹೇಳಿ ಸುಮ್ಮನಿದ್ದಿದ್ದರೆ ಅದು ಸುಳ್ಳಾಗಿಯೇ ಉಳಿಯುತ್ತಿತ್ತು, ಹಾಲತ್ತೆ ಬಿಸಿಲಲ್ಲೇ ಉಳಿಯುತ್ತಿದ್ದಳು. ಆದರೆ ನಮ್ಮ ಜನಕ್ಕೆ ಪಾಪದ ಭಯ. ಸುಳ್ಳಿಗಿಂತ ಸುಳ್ಳಿನ ಪಾಪಕ್ಕೆ ಹೆಚ್ಚು ಹೆದರಿದರು.

ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರ ಹಬ್ಬ. ನಡುಮನೆಯನ್ನು ಸಾರಿಸಿ, ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಮಣೆ ಹಾಕಿ, ಮಣೆಯ ಮೇಲೆ ಗಂಡಸರಾದರೆ ಪಂಚೆ, ಹೆಂಗಸರಾದರೆ ಸೀರೆ, ಅದರ ಮುಂದೆ ಎಲೆಯ ತುಂಬ ಹೋಳಿಗೆ, ಕರ್ಚಿಕಾಯಿ, ಕುಂಬಳಕಾಯಿ ಪಲ್ಯ ಬಡಿಸುತ್ತಾರೆ. ಧೂಪ ಹಾಕಿ ಅಡ್ಡಬಿದ್ದು ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವುದನ್ನು ಇದ್ದವರು ನೋಡಬಾರದು. ಆ ವರ್ಷ ಅಜ್ಜನ ಮಣೆಯ ಪಕ್ಕದಲ್ಲಿ ಹಸಿರು ಸೀರೆಯ ಮಣೆಯೊಂದು ಬಂತು. ನಾನು ಅವ್ವನ ಸೊಂಟದ ಮೇಲಿದ್ದೆ, ಧೂಪದ ಹೊಗೆಗೆ ಕಣ್ಣುರಿದದ್ದು ನೆನಪಿದೆ. ಎಲ್ಲರೂ ಹೊರಗೆ ಬಂದರು, ಅಜ್ಜಿ ಬಾಗಿಲು ಹಾಕಿದಳು. ಜಗುಲಿಯ ಮೇಲೆ ಕೂತ ಮೇಲೆ ಅವ್ವ ಸುತ್ತ ನೋಡಿ, "ಹಾಲಮ್ಮ ಎಲ್ಲಿ?" ಎಂದಳು. ಸತ್ತವಳ ಎಡೆ ಇಡುವ ಗಡಿಬಿಡಿಯಲ್ಲಿ ಇದ್ದವಳನ್ನು ಹೊರಗೆ ಕರೆಯುವುದು ಮರೆತುಹೋಗಿತ್ತು. ಬಾಗಿಲು ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ, ಹಿರಿಯರು ಉಣ್ಣುತ್ತಿರುವ ಹೊತ್ತು. ಕೊನೆಗೆ ದೊಡ್ಡಪ್ಪ ಕೆಮ್ಮಿ ಕದ ತಳ್ಳಿದಾಗ ಎಲ್ಲ ಎಲೆಗಳೂ ಇಟ್ಟಂತೆಯೇ ಇದ್ದವು. ಹಸಿರು ಸೀರೆಯ ಮುಂದಿನ ಎಲೆ ಮಾತ್ರ ಬಳಿದಂತೆ ಬರಿದಾಗಿತ್ತು. ಮಣೆಯ ಮೇಲೆ ಸೀರೆ ಇರಲಿಲ್ಲ. ವಾಡೆ ಕೋಣೆಯ ಕತ್ತಲಲ್ಲಿ ಹಾಲತ್ತೆ ಅದನ್ನು ಸುತ್ತಿಕೊಂಡು, ಬಾಯಿಗೆ ಹೋಳಿಗೆಯ ತುಪ್ಪ ಮೆತ್ತಿಕೊಂಡು ನಿಂತಿದ್ದಳು.

ಆ ಗಳಿಗೆಯಲ್ಲಿ ಯಾರಾದರೂ ಒಬ್ಬರು ನಕ್ಕಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಜ್ಜಿ ನಗಲಿಲ್ಲ, ಅಡ್ಡಬಿದ್ದಳು. ಮಗಳಿಗೆ ಕೈಮುಗಿದು ನೆಲಕ್ಕೆ ಹಣೆ ಹಚ್ಚಿದ್ದನ್ನು ನೋಡಿ ಹಬ್ಬಕ್ಕೆಂದು ಬಂದಿದ್ದ ಓಣಿಯವರೂ ಹಣೆ ಹಚ್ಚಿದರು. ಹಾಲತ್ತೆಗೆ ತಾನು ಯಾರೆಂದು ಆವತ್ತು ತಿಳಿಯಿತು. ಮಾರನೆಯ ದಿನ ತಟ್ಟೆ ಹಾಕಿ ಕರೆದರೆ ಬರಲಿಲ್ಲ. "ಎಡೆ ಹಾಕ್ರಿ, ಹೊರಗೆ ಹೋಗ್ರಿ" ಎಂದಳು. ಅಂದಿನಿಂದ ಅದೇ ನಡೆಯಿತು. ಅವಳು ಬೆಳಕಿಗೆ ಬರುವುದನ್ನು ಬಿಟ್ಟಳು, ತಲೆ ಬಾಚಿಸಿಕೊಳ್ಳುವುದನ್ನು ಬಿಟ್ಟಳು, ಯಾರಾದರೂ ಮುಟ್ಟಿದರೆ ನಿಮಗೆ ಮೈಲಿಗೆ ಎಂದು ಹಿಂದೆ ಸರಿಯುತ್ತಿದ್ದಳು. ಮನೆಯವರ ಬಾಯಲ್ಲಿ ಅವಳು ಒಳಗಿನಾಕೆ ಆದಳು. ನನಗೆ ಅವಳೆಂದರೆ ಭಯ. ಅವಳು ಕೆಟ್ಟದ್ದೇನೂ ಮಾಡುತ್ತಿರಲಿಲ್ಲ. ಅವಳು ಇದ್ದಾಳೋ ಇಲ್ಲವೋ ಎಂದು ದೊಡ್ಡವರಿಗೇ ಗೊತ್ತಿಲ್ಲವಲ್ಲ, ಅದರ ಭಯ. ಇವತ್ತಿಗೂ ಯಾವ ಕೋಣೆಗೆ ಕಾಲಿಡುವ ಮೊದಲೂ ನಾನು ಒಮ್ಮೆ ಕೆಮ್ಮುತ್ತೇನೆ. ನ್ಯಾಮತಿಯಲ್ಲಿ ಹೊಸದಾಗಿ ಸಂಸಾರ ಹೂಡಿದಾಗ ನಮ್ಮ ಯಜಮಾನರು ನನಗೆ ದಮ್ಮಿನ ಕಾಯಿಲೆ ಇರಬೇಕೆಂದು ಔಷಧಿ ತಂದಿದ್ದರು.

ಮಧ್ಯಾಹ್ನದ ಹೊತ್ತು ಹಾಲತ್ತೆ ಖಾಲಿ ವಾಡೆಯೊಂದರೊಳಗೆ ತಲೆ ಹಾಕಿ ಮಾತಾಡುತ್ತಿದ್ದಳು. ಅವಳದು ತೆಳು ದನಿ. ವಾಡೆಯ ಹೊಟ್ಟೆಯೊಳಗಿನಿಂದ ಅದು ದಪ್ಪವಾಗಿ, ಮುದಿಯಾಗಿ, ತುಸು ತಡವಾಗಿ ತಿರುಗಿ ಬರುತ್ತಿತ್ತು. ಪ್ರತಿಧ್ವನಿ ಎಂದು ಈಗ ಹೇಳಬಹುದು. ಆದರೆ ಕೆಲವೊಮ್ಮೆ ಅವಳು ಬಾಯಿ ಮುಚ್ಚಿ ತಲೆಯಾಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು, ಆಗಲೂ ವಾಡೆ ಗುಂಯ್‌ಗುಡುತ್ತಿತ್ತು. ಗೋಡೆಯಾಚೆಯ ಕಾಲುವೆಯ ಸದ್ದು ಎಂದು ಅವ್ವ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ಕಾಲುವೆಯಲ್ಲಿ ನೀರಿಲ್ಲದ ಬೇಸಿಗೆಯಲ್ಲೂ ಅದು ಕೇಳುತ್ತಿತ್ತು, ಬೇಕಾದವರು ನಂಬಬಹುದು. ಅಜ್ಜಿಯಂತೂ ಪೂರ್ತಿ ನಂಬಿದ್ದಳು. ಗಂಡನ ಸುದ್ದಿ ಕೇಳಲು ಮಗಳ ಹತ್ತಿರ ಹೋಗಿ ಕೂರುತ್ತಿದ್ದಳು. ಒಂದು ದಿನ ದೊಡ್ಡಪ್ಪ ಜೋಳ ಅಳೆಯಲು ಒಳಗೆ ಹೋದಾಗ ಹಾಲತ್ತೆ ವಾಡೆಯಿಂದ ತಲೆ ಹೊರಗೆ ತೆಗೆದು ಹೇಳಿದಳು:

"ಅಪ್ಪ ಕೇಳ್ತೈತೆ, ನೀ ಯಾವಾಗ ಬಂದೆ ಅಂತ. ನಂಗೊತ್ತಿಲ್ಲ, ಅಣ್ಣಂಗೆ ಗೊತ್ತು ಅಂದೆ. ಹೇಳಣ್ಣ, ನಾ ಯಾವಾಗ ಬಂದೆ?"

ದೊಡ್ಡಪ್ಪ ಜೋಳ ಅಳೆಯದೆ ಹೊರಗೆ ಬಂದ. ಆಮೇಲೆ ಅವನು ಆ ಕೋಣೆಯೊಳಗೆ ಕಾಲಿಟ್ಟದ್ದನ್ನು ನಾನು ಕಾಣೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಒಂದು ಮಳೆಗಾಲ ಹಾಲತ್ತೆಯ ಕಾಲಿಗೆ ಏನೋ ಚುಚ್ಚಿ, ಪಾದ ಊದಿಕೊಂಡು, ಕೀವು ತುಂಬಿ, ವಾಸನೆ ನಡುಮನೆಯವರೆಗೂ ಬರತೊಡಗಿತು. ಅಜ್ಜಿ ಅರಿಶಿನ ಮೆತ್ತಿದಳು. ಚನ್ನಗಿರಿಗೆ ಕರೆದುಕೊಂಡು ಹೋಗೋಣ ಎಂದು ಅವ್ವ ಹೇಳಿದರೆ ದೊಡ್ಡಪ್ಪ ಗೋಡೆ ನೋಡುತ್ತಾ, "ಆಸ್ಪತ್ರೆ ಚೀಟೀಲಿ ಯಾರ ಹೆಸ್ರು ಬರ್ಸಾದು?" ಎಂದ. ಅವ್ವ ಬಿಸಿನೀರು ತೆಗೆದುಕೊಂಡು ವಾಡೆ ಕೋಣೆಗೆ ಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹಾಲತ್ತೆ ಗಾಯದೊಳಗೆ ಬೆರಳು ಒತ್ತಿ ಒತ್ತಿ ತೋರಿಸುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ನಗು.

"ನೋಡು ಅತ್ತಿಗೆ, ನೋವಿಲ್ಲ. ಸತ್ತೋರಿಗೆ ನೋವಾಗಲ್ಲ."

ಅವ್ವ ಆವತ್ತು ಅತ್ತಷ್ಟು ತನ್ನ ತಾಯಿ ಸತ್ತಾಗಲೂ ಅಳಲಿಲ್ಲ. ಅತ್ತು ಮುಗಿಸಿ ಹಾಲತ್ತೆಯ ಕಂಕುಳಿಗೆ ಕೈಹಾಕಿ ಎಬ್ಬಿಸಿದಳು. ಮೈಲಿಗೆ, ಮೈಲಿಗೆ ಎಂದು ಅವಳು ಕಿರುಚಿದರೂ ಬಿಡಲಿಲ್ಲ. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ನಾನು, ಬೆಳಗಿನ ಬಸ್ಸು ಹತ್ತಿದೆವು. ಎಷ್ಟೋ ವರ್ಷದ ಮೇಲೆ ಬಿಸಿಲು ಕಂಡ ಹಾಲತ್ತೆ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಳು. ನಮ್ಮೂರಿನ ಹೆಂಗಸೊಬ್ಬಳು ಬಸ್ಸು ಹತ್ತಿ ಇವಳನ್ನು ಕಂಡವಳೇ ಇಳಿದು ಹೋದಳು. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗ ಅವ್ವ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ "ಹಾಲಮ್ಮ" ಎಂದಳು. ಕೀವು ತೆಗೆದು ಕಟ್ಟು ಹಾಕಿದರು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಬೈದರು. ಅಲ್ಲಿಂದ ಅವ್ವ ನೇರ ಒಬ್ಬ ವಕೀಲೆಯ ಮನೆಗೆ ನಡೆಸಿದಳು. ಜಗಳೂರಿನಲ್ಲಿ ಅವ್ವನ ಜೊತೆ ಓದಿದವರು, ಮದುವೆಯಾಗಿ ಚನ್ನಗಿರಿಗೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದನ್ನು ಅವ್ವ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದಳು.

"ಮದುವೆಯಾಗದ ಮಗಳು, ಅಣ್ಣತಮ್ಮಂದಿರಷ್ಟೇ ಹಕ್ಕು ಐತೆ. ಕಾಯಬೇಕು ಅನ್ನೋದಾದ್ರೆ ಸಾಯ್ಸೋದು ಯಾಕ್ರಿ? ಕೋರ್ಟಿಗೆ ಹೋಗಿ ಪೋಷಕರನ್ನ ನೇಮಿಸ್ಕೊಳ್ರಿ. ಆಮ್ಯಾಕೆ ಆಕೆ ಪಾಲನ್ನ ಕೋರ್ಟು ಒಪ್ಪದೆ ಯಾರೂ ಮಾರಾಕೆ ಬರಲ್ಲ. ಅಣ್ಣಾನೂ ಅಷ್ಟೇ, ಹೊನ್ನಾಳಿಯೋನೂ ಅಷ್ಟೇ. ಆದ್ರೆ ಮೊದ್ಲು ಆಕೆ ಬದುಕೈದಾಳೆ ಅಂತಾಗಬೇಕು. ಸತ್ತೋರಿಗೆ ಪೋಷಕರನ್ನ ಯಾರೂ ಕೊಡಲ್ಲ."

ಹಾಲಮ್ಮ ಬದುಕಿದ್ದಾಳೆ, ಪಹಣಿಗೆ ಹೆಸರು ಸೇರಿಸಿ ಎಂದು ಅವ್ವ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದಳು, ದೊಡ್ಡಪ್ಪನಿಗೆ ನೋಟಿಸು ಬಂತು. ಆಮೇಲಿನ ದಿನಗಳ ಜಗಳ ಬರೆಯಲು ಕೂತರೆ ಅದೇ ಒಂದು ಪುಸ್ತಕವಾಗುತ್ತದೆ. ಮನೆ ಒಡೆದವಳು ಎಂದು ಅಜ್ಜಿ ಅವ್ವನ ಕೈಯ ನೀರು ಕುಡಿಯುವುದನ್ನೂ ಬಿಟ್ಟಳು. ಎಡೆ ಉಂಡವಳನ್ನು ಎಳೆದು ತಂದರೆ ಮನೆಯಲ್ಲಿ ಬೇರೆ ಯಾರಾದರೂ ಹೋಗಬೇಕಾಗುತ್ತದೆ ಎಂದು ಎದುರುಮನೆಯ ಮುದುಕ ಹೇಳಿ ಹೋದ ಮೇಲೆ ನಾನು ಒಬ್ಬಳೇ ಬಚ್ಚಲಿಗೆ ಹೋಗುವುದನ್ನು ಬಿಟ್ಟೆ, ಆ ಯಾರಾದರೂ ನಾನೇ ಇರಬಹುದಿತ್ತು. ದೊಡ್ಡಪ್ಪ ಜಗಳ ಆಡಲಿಲ್ಲ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಜೈಲಾಗುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅವನಿಗೆ, ಸಹಿ ಹಾಕಿದ ಹಿರಿಯರಿಗೆಲ್ಲ. ಅವನು ಒಂದೇ ಸಮನೆ ಬಡವಾಗುತ್ತಾ ಹೋದ. ನಮ್ಮಪ್ಪ ಈ ಸಲ ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ವಿಚಾರಣೆಯ ದಿನ ಚನ್ನಗಿರಿಯ ಕಚೇರಿಯ ದೊಡ್ಡ ಕೋಣೆಯಲ್ಲಿ ಒಂದು ಕಡೆ ನಾವು ಮೂವರು, ಇನ್ನೊಂದು ಕಡೆ ದೊಡ್ಡಪ್ಪ ಮತ್ತು ಓಣಿಯ ಹಿರಿಯರು. ಹೊರಗೆ ಅಡಿಕೆ ಚೀಲ ತುಂಬಿದ ಲಾರಿಗಳ ಹಾರ್ನು, ಒಳಗೆ ಫ್ಯಾನಿನ ಕಿರಿಕಿರಿ. ಅವ್ವ ಹಾಲತ್ತೆಯ ತಲೆ ಬಾಚಿ, ಹೂ ಮುಡಿಸಿ ಕರೆತಂದಿದ್ದಳು. ಹಾಲತ್ತೆ ಎಲ್ಲರಿಗೂ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಧಿಕಾರಿ ದೊಡ್ಡಪ್ಪನನ್ನು ಮೊದಲು ಕೇಳಿದರು. ಅವನು ಎದ್ದು ನಿಂತು, ನೆಲ ನೋಡುತ್ತಾ, ಒಪ್ಪಿಸಿದ ಪಾಠದಂತೆ ಹೇಳಿದ:

"ನನ್ನ ತಂಗಿ ಹಾಲಮ್ಮ ತೀರ್ಕಂಡಾಳೆ ಸಾರ್. ಈಕೆ ಆಕೆ ಅಲ್ಲ. ನಮ್ಮ ತಾಯಿ ಕಡೆ ಯಾರೋ ದೂರದ ನೆಂಟಳು, ಗತಿಯಿಲ್ದಾಕೆ ಅಂತ ಇಟ್ಕಂಡಿದ್ವಿ."

ಹಿರಿಯರು ತಲೆಯಾಡಿಸಿದರು. ಹಾಲತ್ತೆ ಶಾಲೆಗೆ ಹೋದವಳಲ್ಲ, ರೇಷನ್ ಕಾರ್ಡಿನಿಂದ ಹೆಸರು ಯಾವಾಗಲೋ ಹೋಗಿತ್ತು. ನಮ್ಮ ಕಡೆ ಅವ್ವನ ಮಾತೊಂದೇ, ಅದೂ ಪಾಲಿನ ಆಸೆಗೆ ಬಂದ ಸೊಸೆಯ ಮಾತು ಎಂದು ಅಧಿಕಾರಿಗೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆಕೆಯನ್ನೇ ಕೇಳೋಣ ಎಂದರು. ಅವ್ವ ಬಾಯಿ ತೆರೆದಾಗ ಕೈ ಎತ್ತಿ ತಡೆದರು.

"ನೀವು ಹೇಳಿಕೊಡಬೇಡಿ ಅಮ್ಮ. ಅವರೇ ಹೇಳಲಿ. ಹಾಲಮ್ಮ!"

ಹಾಲತ್ತೆ ಅಲ್ಲಾಡಲಿಲ್ಲ.

"ಹಾಲಮ್ಮ ಅಂದ್ರೆ ಯಾರು ಇಲ್ಲಿ? ಹಾಲಮ್ಮ!"

ಈಗ ಅವಳು ತಿರುಗಿದಳು. ಅಧಿಕಾರಿಯ ಕಡೆ ಕೈಮುಗಿದು, ಮನೆಯಲ್ಲಿ ಮಲಗಿದ ಕೂಸು ಎದ್ದೀತು ಎನ್ನುವಂಥ ಸಣ್ಣ ದನಿಯಲ್ಲಿ ಹೇಳಿದಳು:

"ಆ ಹೆಸ್ರು ಕೂಗಬ್ಯಾಡ್ರಿ ಸ್ವಾಮಿ. ಕೂಗಿದ್ರೆ ಆಕೆ ಬಂದುಬಿಡ್ತಾಳೆ. ಬಂದ್ರೆ ನಮ್ಮಣ್ಣಂಗೆ ತ್ರಾಸಾಗ್ತೈತೆ."

ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ನಾನು ದೊಡ್ಡಪ್ಪನನ್ನು ನೋಡಿದೆ. ಅವನ ಮುಖ ಮೊದಲು ಬಾಯಿಯ ಹತ್ತಿರ ಮುರಿಯಿತು, ಆಮೇಲೆ ಪೂರ್ತಿ. ಪಕ್ಕದಲ್ಲಿದ್ದವರು ಅಂಗಿ ಹಿಡಿದು ಎಳೆಯುತ್ತಿದ್ದರೂ ಅವನು ಬಿಡಿಸಿಕೊಂಡು ನಡುವೆ ಬಂದು ನಿಂತ. ತಪ್ಪೊಪ್ಪಿಗೆ, ಕ್ಷಮೆ ಏನೂ ಹೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ, ಬಾವಿಯೊಳಗೆ ಬಿದ್ದವರನ್ನು ಕೂಗುವ ಹಾಗೆ ಕೂಗಿದ:

"ಹಾಲೀ... ಬಾರವ್ವ. ಬಾ ನನ ತಾಯಿ. ನಂಗೆ ಏನೂ ಆಗಲ್ಲ, ಬಾ."

ಹಾಲತ್ತೆ ಸುತ್ತ ನೋಡಿದಳು. ಇನ್ನೂ ಪೂರ್ತಿ ನೆಟ್ಟಗಾಗದ ಕಾಲನ್ನು ಎಳೆಯುತ್ತಾ ಒಂದೊಂದೇ ಹೆಜ್ಜೆ ಇಟ್ಟು ಅವನ ಮುಂದೆ ಬಂದು ನಿಂತು, ಮೈಲಿಗೆ ಎನ್ನದೆ ಅವನ ಕೈ ಹಿಡಿದಳು. ಹಾಲಮ್ಮ ಹಾಜರಿದ್ದಾರೆ ಎಂದು ಬರೆದುಕೊಳ್ಳಿ, ಎಂದರು ಅಧಿಕಾರಿ. ಅವಳಿಗೆ ಅದು ಕೇಳಿಸಲೇ ಇಲ್ಲ. ಅಣ್ಣನ ಮುಖವನ್ನೇ ನೋಡುತ್ತಾ, ಸಿಟ್ಟಿಲ್ಲದೆ, ತಿಳಿಯದ್ದನ್ನು ಮಕ್ಕಳು ಕೇಳುವಂತೆ ಕೇಳಿದಳು:

"ಇಷ್ಟು ದಿನ ಯಾಕಣ್ಣ ಕರೀಲಿಲ್ಲ? ನಾ ಅಲ್ಲೇ ಬಾಗ್ಲ ಹಿಂದೇನೇ ಇದ್ದೆ."